ಮೇಲೆ ಮಳೆ, ಕೆಳಗೆ ಗದ್ದೆ

ಕೇಳುವುದಕ್ಕೆ ಕೆಲಸ ಸುಲಭವಾಗಿಯೇ ಇತ್ತು. ಶನಿವಾರ ಬೆಳಿಗ್ಗೆ ಹೊರಟು, ಎಪ್ಪತ್ತೊಂದು ವರ್ಷದ, ಚೀನಾ ಮೂಲದ ಮಿಸ್ಟರ್ ಲೂಯಿಯವರನ್ನು ಕ್ಯಾಸ್ಕೇಡ್ ಬೆಟ್ಟಗಳೊಳಗಿನ ಹೆಸರಿಲ್ಲದ ಒಂದು ತೊರೆಯ ದಡಕ್ಕೆ ಕರೆದೊಯ್ಯಬೇಕು. ಭಾನುವಾರ ಸಂಜೆಯೊಳಗೆ ಅವರನ್ನು ಇಡಿಯಾಗಿ ಸಿಯಾಟಲ್ ಪಕ್ಕದ ಕ್ರಾಸ್‌ರೋಡ್ಸ್‌ಗೆ ತಂದು ಬಿಡಬೇಕು. ಅಲ್ಲಿ ಅವರಿಗೇನು ಕೆಲಸ ಎಂಬುದನ್ನು ಮಾತ್ರ ಯಾರೂ ಕೇಳಬಾರದು.

ಕೇಳಬಾರದು ಎಂದರೆ ಶಾಮಲಾಗೆ ಮೈಯೆಲ್ಲ ಉರಿಯುತ್ತದೆ. ಓವರ್‌ಲೇಕ್‌ನ ಕಂಪನಿಯೊಂದರಲ್ಲಿ ಹದಿನಾರು ವರ್ಷದಿಂದ ಅವಳು ಸಾಫ್ಟ್‌ವೇರ್ ಟೆಸ್ಟರ್. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಹೇಳಿದ ಕೂಡಲೇ ಎಲ್ಲಿ ಸರಿಯಿಲ್ಲ ಎಂದು ಹುಡುಕುವುದೇ ಅವಳ ಉದ್ಯೋಗ. ರಜಾದಿನಗಳಲ್ಲಿ ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಸ್ವಯಂಸೇವಕರ ತಂಡದಲ್ಲೂ ಇದ್ದಳು. ಆ ತಂಡದ ಬ್ಯಾಡ್ಜ್ ಎಂದರೆ ಅವಳಿಗೆ ಆಫೀಸಿನ ಹುದ್ದೆಗಿಂತ ಹೆಚ್ಚು.

ಬುಧವಾರ ಅವಳ ಫೋನಿಗೆ ಒಂದು ಮೆಸೇಜ್ ಬಂದಿತ್ತು. ಕಳಿಸಿದವಳು ಗಂಡನ ಅಣ್ಣನ ಮಗಳು ನವ್ಯಾ, ಹೇಳಿ ಬರೆಸಿದವರು ಅತ್ತೆ ಸುಮಿತ್ರಮ್ಮ. ಅತ್ತೆ ಕ್ರಾಸ್‌ರೋಡ್ಸ್‌ನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಅಲ್ಲಿನ ಮಾಲ್‌ನಲ್ಲಿ ಮೊಣಕಾಲೆತ್ತರದ ಕಾಯಿಗಳ ದೊಡ್ಡ ಚೆಸ್ ಹಾಸು ಇದೆ. ದಿನಾ ಸಂಜೆ ಅತ್ತೆ ಅಲ್ಲಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಲೂಯಿಯವರ ಎದುರು ಕುದುರೆ ನೂಕುತ್ತಿದ್ದರು. ಇಬ್ಬರ ನಡುವೆ ಮಾತು ದಾಟಿಸುತ್ತಿದ್ದವಳು ನವ್ಯಾ. ಮೆಸೇಜಿನಲ್ಲಿ ಎರಡೇ ಸಾಲು. ನವ್ಯಾಗೆ ಕನ್ನಡ ಅಕ್ಷರ ಬಾರದು, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪಿಸಿದ್ದಳು. ಶಾಮಲಾ ಓದಿಕೊಂಡದ್ದು ಹೀಗೆ: 'ಲೂಯಿ ಅವರ ಮುತ್ತಜ್ಜನ ಆಸ್ತಿ ವಿಷಯ. ಚಿನ್ನದ ಗೋಪುರ ಅಂತಾರಂತೆ. ನೀವಿಬ್ಬರೂ ಕರ್ಕೊಂಡು ಹೋಗಿ.'

ಓದಿದವಳೇ ಫೋನ್ ಮಾಡಿದ್ದಳು.

“ಅತ್ತೆ, ಏನಿದು?”

“ಅವರ ವಂಶದ್ದು ಕಣವ್ವಾ. ಊರಿಗೆ ಸೇರ್ಬೇಕಾದ್ದು,” ಎಂದಿದ್ದರು ಸುಮಿತ್ರಮ್ಮ. ಹಿಂದಿನಿಂದ ಮಾಲ್‌ನ ಗದ್ದಲ ಕೇಳುತ್ತಿತ್ತು. “ಬರೋ ತಿಂಗ್ಳು ಅವ್ರ ಹಬ್ಬದೊಳ್ಗೆ ಸಾಕ್ಷಿ ತೋರಿಸ್ಲಿಲ್ಲ ಅಂದ್ರೆ ದಿಕ್ಕಿಲ್ದೋರ ಪಾಲಾಗ್ತದಂತೆ. ನೀವು ಬರ್ದಿದ್ರೆ ಒಬ್ರೇ ಹೋಗ್ತೀನಿ ಅಂತವ್ರೆ. ಹೊರಡೋಕ್ ಮುಂಚೆ ಬಾಯ್ಬಿಟ್ಟು ಆಡಬಾರ್ದಂತೆ, ಜಾಸ್ತಿ ಕೇಳ್ಬ್ಯಾಡ.”

ಮುತ್ತಜ್ಜನ ಆಸ್ತಿ. ಚಿನ್ನ. ಹೋಗಬೇಕಾದದ್ದು ನೂರಮೂವತ್ತು ವರ್ಷದ ಹಿಂದೆ ಚೀನಾದ ಆಳುಗಳು ಮರಳು ತೊಳೆದು ಚಿನ್ನ ತೆಗೆದ ಕಣಿವೆಗೆ. ಇದರಲ್ಲಿ ಯೋಚಿಸುವುದೇನಿದೆ? ಸರ್ಕಾರದ ಕಾಡಿನಲ್ಲಿ ಹಳೆಯ ಜಾಗ ಅಗೆದು ಸಿಕ್ಕಿಬಿದ್ದರೆ ಕೇಸು. ಕರೆದೊಯ್ದವಳ ಬ್ಯಾಡ್ಜೂ ಹೋಯಿತು. ಬಿಟ್ಟರೆ ಮುದುಕ ಒಬ್ಬರೇ ಹೋಗಿ ಎಲ್ಲಾದರೂ ಬಿದ್ದು ಸಾಯುತ್ತಾರೆ, ಆಮೇಲೆ ಅವರನ್ನು ಹುಡುಕಲು ಹೋಗಬೇಕಾದವಳೂ ತಾನೇ. ಅದಕ್ಕೇ ಅವಳು ಒಪ್ಪಿದ್ದು. ಕಣ್ಣಳತೆಯಲ್ಲೇ ಇಟ್ಟುಕೊಂಡು, ಗುದ್ದಲಿ ನೆಲಕ್ಕೆ ತಾಗುವ ಮೊದಲೇ ಕೈ ಹಿಡಿಯಬೇಕು ಎಂಬುದು ಅವಳ ಲೆಕ್ಕಾಚಾರ.

ಸ್ಕೈಕೋಮಿಶ್ ಊರು ದಾಟಿ, ಹಿಂದೆ ಮರ ಸಾಗಿಸುವ ಲಾರಿಗಳು ಓಡಾಡುತ್ತಿದ್ದ ಪಾಳು ರಸ್ತೆಯ ಕೊನೆಯಲ್ಲಿ ಕಾರು ನಿಲ್ಲಿಸಿದಾಗ ಶನಿವಾರ ಬೆಳಿಗ್ಗೆ ಎಂಟು ಗಂಟೆ. ಕೇಶವ ಬ್ಯಾಗುಗಳನ್ನು ಇಳಿಸಿದ. ಶಾಮಲಾಳ ಗಂಡ ಅವನು, ಸೇತುವೆ ಕಟ್ಟುವ ಇಂಜಿನಿಯರು. ಪ್ರಪಂಚದಲ್ಲಿ ಯಾವುದೂ ವಾಲಬಾರದು ಎಂಬುದೊಂದೇ ಅವನ ಸಿದ್ಧಾಂತ. ಹಳೆಯ ಗಾಜಿನ ಬಾಟಲಿ ಕೂಡಿಡುವ ಹುಚ್ಚೂ ಇತ್ತು. ಲೂಯಿಯವರ ಬ್ಯಾಗಿಗೆ ಅವನು ಕೈ ಹಾಕಿದ್ದೇ ತಡ, ಅವರು ಅದರೊಳಗಿನಿಂದ ಮೊಳದುದ್ದದ ತಗಡಿನ ಕೊಳವೆಯೊಂದನ್ನು ಕಿತ್ತುಕೊಂಡು ಎದೆಗೆ ಕಟ್ಟಿಕೊಂಡರು.

“ಇದು ನನ್ನ ಹತ್ತಿರವೇ ಇರಲಿ,” ಎಂದರು ಇಂಗ್ಲಿಷಿನಲ್ಲಿ. ಸಿಯಾಟಲ್‌ನ ಹೋಟೆಲುಗಳಲ್ಲಿ ನಲವತ್ತು ವರ್ಷ ಅಡಿಗೆ ಮಾಡಿ ಕಲಿತ ಇಂಗ್ಲಿಷ್ ಅದು, ಚಿಕ್ಕ ಚಿಕ್ಕ ವಾಕ್ಯಗಳದು.

ಶಾಮಲಾ ಗಂಡನಿಗೆ ಕನ್ನಡದಲ್ಲಿ ಹೇಳಿದಳು, “ನೋಡ್ದಾ? ಮ್ಯಾಪ್ ಅದು.”

“ಊಟದ ಡಬ್ಬಿ ಇರ್ಬೋದು ಬಿಡೇ,” ಎಂದ ಕೇಶವ.

ದಾರಿ ಏರುತ್ತ ಹೋಯಿತು. ಎರಡೂ ಕಡೆ ನಾಲ್ಕು ಜನ ಕೈ ಹಿಡಿದು ಸುತ್ತಿದರೂ ಸಿಗದಷ್ಟು ದಪ್ಪದ ಸೀಡರ್ ಮರಗಳಿದ್ದವು. ಅವುಗಳ ಕೊಂಬೆಗಳಿಂದ ಪಾಚಿ ಗಡ್ಡದ ಹಾಗೆ ಇಳಿಬಿದ್ದಿತ್ತು. ಬಿದ್ದು ಕೊಳೆಯುತ್ತಿದ್ದ ದಿಮ್ಮಿಗಳ ಬೆನ್ನ ಮೇಲೆ ಎಳೆಯ ಹೆಮ್ಲಾಕ್ ಸಸಿಗಳು ಸಾಲಾಗಿ ಎದ್ದಿದ್ದವು. ಹಕಲ್‌ಬೆರಿ ಪೊದೆಯ ಎಲೆ ಆಗಲೇ ಕೆಂಪಾಗಿತ್ತು. ಬಿಸಿಲು ನೆಲಕ್ಕೆ ಇಳಿಯುವಷ್ಟರಲ್ಲಿ ಹಸಿರಾಗುತ್ತಿತ್ತು. ಎಲ್ಲೋ ಕೆಳಗೆ ನೀರಿನ ಸದ್ದು, ಮೇಲೆ ಆಗೊಮ್ಮೆ ಈಗೊಮ್ಮೆ ಒಂದು ಕಾಗೆಯ ಕೂಗು. ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ತಂಪಿತ್ತು.

ಲೂಯಿ ದಣಿಯಲಿಲ್ಲ. ನಡೆಯುತ್ತಲೇ ಚೀನಾದಲ್ಲಿನ ತಮ್ಮ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮಾತು ತೆಗೆದರು. ಟೈಶಾನ್ ಕಡೆಯ ತಮ್ಮ ಊರಿನಲ್ಲಿ ಗದ್ದೆಗಳ ನಡುವೆ ಐದೈದು ಅಂತಸ್ತಿನ ಕಾವಲು ಗೋಪುರಗಳಿವೆ, ಅಮೆರಿಕಕ್ಕೆ ಬಂದವರು ದುಡಿದು ಕಳಿಸಿದ್ದರಲ್ಲಿ ಕಟ್ಟಿದ್ದು, ಕಿಟಕಿಗೆ ಕಬ್ಬಿಣದ ಬಾಗಿಲು, ನೆತ್ತಿಗೆ ಯಾವುದೋ ದೇಶದ ಚಿತ್ರ ನೋಡಿ ಕಟ್ಟಿದ ಗುಮ್ಮಟ. ದರೋಡೆಕೋರರು ಬಂದರೆ, ಪ್ರವಾಹ ಬಂದರೆ ಊರೆಲ್ಲ ಅದರೊಳಗೆ. ಗೋಪುರದ ಮುಂದೆ ತಾವರೆ ಕೆರೆ, ಕೆರೆಯ ಪಕ್ಕ ಆಲದ ಮರ, ಮಣ್ಣಿನ ಗಡಿಗೆಯಲ್ಲಿ ಹಾವುಮೀನು ಹಾಕಿ ಬೇಯಿಸಿದ ಅನ್ನ.

“ಈಗ ಪ್ರವಾಸಿಗರು ಬರ್ತಾರೆ. ಟಿಕೆಟ್ ಇದೆ. ಬಸ್ಸುಗಳು ಬರ್ತವೆ. ಬಸ್ಸಿಗೆ ರಸ್ತೆ ಬೇಕು. ಊರ ಹಿಂದಿನ ಗುಡ್ಡ ತೆಗೀತಿದಾರೆ,” ಎಂದರು.

“ಆ ಗುಡ್ಡ ನಿಮ್ಮದಾ?” ಕೇಳಿದಳು ಶಾಮಲಾ.

“ನಮ್ಮ ಹಿರಿಯರದು.”

ಅಷ್ಟು ಹೇಳಿ ಅವರು ಮುಂದೆ ನಡೆದರು. ಶಾಮಲಾ ಮನಸ್ಸಿನಲ್ಲೇ ಕೂಡಿಸಿದಳು. ಗುಡ್ಡಕ್ಕೆ ಪರಿಹಾರ ಬರುತ್ತದೆ, ಅದಕ್ಕೆ ದಾಖಲೆ ಬೇಕು, ದಾಖಲೆ ಈ ಕಾಡಿನಲ್ಲಿ ಚಿನ್ನದ ಜೊತೆ ಹೂತಿದೆ. ಅಷ್ಟೂ ತುಂಡು ಅಚ್ಚುಕಟ್ಟಾಗಿ ಕೂತವು. ಅಷ್ಟು ಅಚ್ಚುಕಟ್ಟಾಗಿ ಕೂತದ್ದನ್ನು ಕಂಡು, ಟೆಸ್ಟರ್ ಆದವಳಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮಧ್ಯಾಹ್ನ ಮೂರಕ್ಕೆ ತೊರೆ ಸಿಕ್ಕಿತು. ಇಪ್ಪತ್ತು ಅಡಿ ಅಗಲ, ಹಾಲಿನಂತೆ ಬೆಳ್ಳಗೆ ನೊರೆ. ಅಡ್ಡಲಾಗಿ ಒಂದೇ ದಿಮ್ಮಿ ಬಿದ್ದಿತ್ತು.

ಶಾಮಲಾ ಮೊದಲು ದಾಟಿ ಆಚೆ ಮರಕ್ಕೆ ಹಗ್ಗ ಬಿಗಿದಳು. ಈಚೆ ತುದಿ ಕೇಶವ ಹಿಡಿದ. ಲೂಯಿಯವರ ಸೊಂಟದ ಪಟ್ಟಿಯನ್ನು ಕೊಂಡಿಯಿಂದ ಹಗ್ಗಕ್ಕೆ ಸಿಕ್ಕಿಸಿದರು.

“ಕೆಳಗೆ ನೋಡಬೇಡಿ. ನನ್ನನ್ನೇ ನೋಡಿ. ಬನ್ನಿ!”

ನಾಲ್ಕು ಹೆಜ್ಜೆ. ಐದು. ಆರನೆಯದಕ್ಕೆ ದಿಮ್ಮಿಯ ತೊಗಟೆ ಕಿತ್ತುಬಂತು.

ಲೂಯಿ ಬಿದ್ದರು.

ಹಗ್ಗ ಬಿಗಿದು ಶಾಮಲಾಳ ಅಂಗೈ ಉಜ್ಜಿತು. ನೀರು ಅವರ ಎದೆ ಮುಚ್ಚಿತು, ಕತ್ತು ಮುಚ್ಚಿತು. ಎದೆಗೆ ಕಟ್ಟಿದ್ದ ತಗಡಿನ ಕೊಳವೆ ಬಿಚ್ಚಿಕೊಂಡು ತೇಲಿಹೋಯಿತು.

ಲೂಯಿ ಕಿರುಚಿದರು. ಜೀವ ಉಳಿಸಿಕೊಳ್ಳಲು ಹಗ್ಗ ಹಿಡಿಯಲಿಲ್ಲ. ಕೊಳವೆಯ ಹಿಂದೆ ಹೋಗಲು ಸೊಂಟದ ಕೊಂಡಿಗೆ ಕೈ ಹಾಕಿದರು!

“ಬಿಚ್ಚಬೇಡಿ! ಸತ್ತೋಗ್ತೀರಾ!” ಶಾಮಲಾ ಕೂಗಿದಳು. “ಕೇಶವಾ, ಆ ಡಬ್ಬ!”

ಕೇಶವ ತನ್ನ ತುದಿಯನ್ನು ಬೇರಿಗೆ ಸುತ್ತಿ ಓಡಿದ. ಕಲ್ಲಿಂದ ಕಲ್ಲಿಗೆ ಜಿಗಿದ. ಕೆಳಗೆ ನೀರು ಸುಳಿಯಾಗುವ ಕಡೆ ಮೊಣಕಾಲವರೆಗೆ ಇಳಿದು ಊರುಗೋಲು ಚಾಚಿದ. ಒಂದು ಸಲ ತಪ್ಪಿತು. ಎರಡನೆಯ ಸಲ ಕೊಳವೆಯ ಪಟ್ಟಿ ಕೋಲಿನ ತುದಿಗೆ ಸಿಕ್ಕಿತು. ಅದನ್ನು ಕಂಡ ಮೇಲೇ ಲೂಯಿ ಹಗ್ಗ ಹಿಡಿದದ್ದು. ಶಾಮಲಾ ಅವರನ್ನು ದಡಕ್ಕೆ ಎಳೆದು ಹಾಕಿದಳು.

ಕೇಶವನೂ ದಾಟಿ ಬಂದ. ಟೆಂಟ್ ಹಾಕಿ, ಬೇರೆ ಬಟ್ಟೆ ತೊಡಿಸಿ, ಬಿಸಿನೀರು ಕುಡಿಸಿದ ಮೇಲೂ ಅವರ ನಡುಕ ನಿಲ್ಲಲಿಲ್ಲ. ಆದರೂ ಕೊಳವೆಯ ಮುಚ್ಚಳ ತೆಗೆದು ಒಳಗಿದ್ದುದನ್ನು ನೋಡಿಕೊಂಡರು. ಮೇಣ ಹಚ್ಚಿದ ಮುಚ್ಚಳವಾದ್ದರಿಂದ ನೀರು ಹೋಗಿರಲಿಲ್ಲ. ಶಾಮಲಾಗೆ ಅರೆಗಳಿಗೆ ಕಂಡದ್ದು ಒಂದು ಕಾಗದ. ಇದ್ದಿಲಿನಂತೆ ಕಪ್ಪು, ಅದರಲ್ಲಿ ಬಿಳಿಯ ಚೀನೀ ಅಕ್ಷರಗಳು, ಕೆಳಗಿನ ಅಂಚು ಮುರಿದ ಹಾಗೆ ಅಂಕುಡೊಂಕು.

“ಅರ್ಧ ಮ್ಯಾಪು,” ಎಂದಳು ಟೆಂಟಿನೊಳಗೆ. “ಇನ್ನರ್ಧ ಅಲ್ಲಿದೆ. ಅದಕ್ಕೋಸ್ಕರ ಸಾಯೋಕೂ ರೆಡಿ ಮನುಷ್ಯ.”

ಈ ಸಲ ಕೇಶವ ನಗಲಿಲ್ಲ. “ನನ್ನ ಕೈಗೆ ಡಬ್ಬ ಸಿಕ್ಕಾಗ ಅವರು ನನ್ನ ನೋಡಿದ ರೀತಿ ಚೆನ್ನಾಗಿರ್ಲಿಲ್ಲ ಕಣೇ. ಕಳ್ಳನ್ನ ನೋಡಿದ ಹಾಗೆ ನೋಡಿದ್ರು.”

ಮರುದಿನ ಮೋಡ ಮುಚ್ಚಿತ್ತು. ಮಳೆ ಬಂದರೆ ತೊರೆ ಉಕ್ಕುತ್ತದೆ, ಹನ್ನೆರಡಕ್ಕೆ ಏನೇ ಆದರೂ ವಾಪಸು ತಿರುಗಬೇಕು ಎಂದು ಶಾಮಲಾ ಕಟ್ಟುನಿಟ್ಟಾಗಿ ಹೇಳಿದಳು. ಲೂಯಿ ತಲೆಯಾಡಿಸಿ, ಏನನ್ನೋ ಹುಡುಕುತ್ತ ದಡ ಏರಿದರು. ದೆವ್ವದ ದೊಣ್ಣೆ ಎಂದೇ ಇಲ್ಲಿನವರು ಕರೆಯುವ ಮುಳ್ಳುಗಿಡ ಎಲ್ಲರ ಕೈ ಗೀರಿತು. ಅರ್ಧ ಗಂಟೆಯ ಮೇಲೆ ಕೇಶವ ಥಟ್ಟನೆ ನಿಂತ.

“ಇದು ಕಾಲುವೆ!”

ಶಾಮಲಾಗೆ ಕಂಡದ್ದು ಪಾಚಿ ಹಿಡಿದ ಒಂದು ಏಣು ಮಾತ್ರ. ಕೇಶವ ಪಾಚಿ ಸವರಿದ. ಅಡಿಯಲ್ಲಿ ಗಾರೆಯಿಲ್ಲದೆ ಒಂದರೊಳಗೊಂದು ಕೂರಿಸಿದ ಕಲ್ಲುಗಳಿದ್ದವು. ಫೋನಿನಲ್ಲಿದ್ದ ಮಟ್ಟಗೋಲಿನ ಆ್ಯಪ್ ತೆರೆದು ಕಲ್ಲಿನ ಮೇಲಿಟ್ಟು ನೋಡಿ ಅವನು ಬೆರಗಾದ. “ನಮ್ಮ ಮಂಡ್ಯದ ನಾಲೆ ಇದ್ದ ಹಾಗಿದೆ. ನೂರಡಿಗೆ ಮೂರು ಇಂಚು ಇಳಿಜಾರು, ಅಷ್ಟೇ. ಬರೀ ಕೈಯಲ್ಲಿ ಮಾಡಿದಾರೆ ನೋಡು!”

ಲೂಯಿ ಆ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕಾಲುವೆ ಶುರುವಾಗುವ ಕಡೆಯಿಂದ ಅದರ ಗುಂಟ ಹೆಜ್ಜೆ ಎಣಿಸತೊಡಗಿದರು. ಒಂಬೈನೂರಕ್ಕೆ ಕವಲೊಡೆದ ದೊಡ್ಡ ಸೀಡರ್ ಮರ ಬಂತು. ಅದರ ಸುತ್ತ ಅಲ್ಲಲ್ಲಿ ಹೊಸದಾಗಿ ಅಗೆದ ಗುಂಡಿಗಳು, ಒಡೆದ ನೀಲಿ ಬಟ್ಟಲಿನ ಚೂರುಗಳು. ಲೂಯಿಯವರ ಮುಖ ಬಿಳಚಿಕೊಂಡಿತು.

“ಬಾಟಲಿ ಕಳ್ಳರು. ಹಳೇ ಬಾಟಲಿಗೆ ಅಂತ ಇಂಥ ಜಾಗ ಅಗೀತಾರೆ,” ಎಂದು ಕೇಶವನ ಕಡೆ ತಿರುಗಿ ನೋಡಿದರು.

ಮರದ ಬುಡದಲ್ಲಿ ಒಂದು ಗುಂಡಿ ಮಾತ್ರ ಹಳೆಯದು. ಆಳುದ್ದ, ಮೊಳದಾಳ, ಒಳಗೆಲ್ಲ ಜರಿಗಿಡ. ಲೂಯಿ ಅದರೊಳಗೆ ಮಂಡಿಯೂರಿ ಚೀಲದಿಂದ ಗಾರೆ ಕೆಲಸದ ಚಿಕ್ಕ ಕರಣಿಯೊಂದನ್ನು ತೆಗೆದರು.

ಶಾಮಲಾ ಒಂದೇ ನೆಗೆತಕ್ಕೆ ಹೋಗಿ ಅವರ ಮಣಿಕಟ್ಟು ಹಿಡಿದಳು.

“ಸಾಕು. ಇಲ್ಲಿ ಅಗೆಯೋ ಹಾಗಿಲ್ಲ. ನಿಮ್ಮ ಮುತ್ತಜ್ಜ, ಚಿನ್ನದ ಗೋಪುರ, ನನಗೆಲ್ಲ ಗೊತ್ತು.”

“ಗೊತ್ತಿದ್ದರೆ ಕೈ ಬಿಡಿ,” ಎಂದರು ಲೂಯಿ. “ನಿಮ್ಮ ಅತ್ತೆಗೆ ಹೇಳಿದೀನಿ. ಅವರಿಗೆ ಅರ್ಥ ಆಯ್ತು. ನಿಮಗೆ ಯಾಕೆ ಆಗಲ್ಲ?”

ಇಬ್ಬರೂ ಸೋಲುವವರಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಕೇಶವನೇ ಹೆಂಡತಿಯ ಬ್ಯಾಗಿನಿಂದ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಯಂತ್ರ ತೆಗೆದು ನವ್ಯಾಗೆ ಟೈಪಿಸಿದ: 'ಅಜ್ಜೀನ ಕೇಳು. ಎಂಥ ಆಸ್ತಿ? ಜಮೀನಾ, ಚಿನ್ನಾನಾ? ಅರ್ಜೆಂಟ್.'

ಎಂಟು ನಿಮಿಷ ಕಳೆಯಿತು. ಆಮೇಲೆ ಯಂತ್ರ ಕೀಚ್ ಎಂದಿತು. ನವ್ಯಾ ಇಂಗ್ಲಿಷಿನಲ್ಲೇ ಉತ್ತರಿಸಿದ್ದಳು: 'ಬೋನ್ಸ್, ಚಿಕ್ಕಪ್ಪಾ. ಬೋನ್ಸ್! ಅಜ್ಜಿ ತಲೆ ಚಚ್ಚಿಕೊಳ್ತಿದಾರೆ.'

ಕೇಶವ ಎರಡು ಸಲ ಓದಿದ. “ಆಸ್ತಿ ಅಲ್ಲ ಕಣೇ. ಅಸ್ಥಿ. ಮೂಳೆ.”

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ಶಾಮಲಾ ಲೂಯಿಯವರ ಕೈ ಬಿಟ್ಟಳು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವಳಿಗೆ ಯಾವತ್ತೂ ಆಗಿರಲಿಲ್ಲ. ತಪ್ಪಾಯಿತು ಎಂದಳು. ಏನು ತಪ್ಪಾಯಿತು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಲೂಯಿ ಗುಂಡಿಯ ಅಂಚಿನಲ್ಲಿ ಕೂತರು.

“ಚಿನ್ನದ ಗೋಪುರ ಅಂದರೆ ಮೂಳೆ ಇಡುವ ಜಾಡಿ,” ಎಂದರು. “ನಮ್ಮ ಕಡೆ ಹಾಗೆ ಕರೀತೀವಿ. ಪ್ರಯಾಣದಲ್ಲಿ ಸಾವಿನ ಮಾತು ಆಡಬಾರದು, ಅದಕ್ಕೆ ಬಾಯಿ ಬಿಡಲಿಲ್ಲ. ಇನ್ನೊಂದು, ನಿಮ್ಮ ಯಜಮಾನರು ಹಳೇ ಬಾಟಲಿ ಕೂಡಿಡ್ತಾರೆ ಅಂತ ನಿಮ್ಮ ಅತ್ತೆ ಹೇಳಿದ್ದರು. ನಾನೂ ಅನುಮಾನ ಪಟ್ಟೆ.”

“ನಾನು ಅಂಗಡಿಯಲ್ಲಿ ಕೊಳ್ತೀನಿ, ಅಗೆಯಲ್ಲ,” ಎಂದ ಕೇಶವ.

ಕತೆ ಚಿಕ್ಕದು. ಮುತ್ತಜ್ಜ ಈ ಕಾಲುವೆ ತೋಡುತ್ತ ಇಲ್ಲೇ ಸತ್ತ. ಪರದೇಶದಲ್ಲಿ ಸತ್ತವರ ಮೂಳೆಯನ್ನು ಕೆಲವು ವರ್ಷದ ಮೇಲೆ ತೆಗೆದು ಊರಿಗೆ ಕಳಿಸುವುದು ಅವರ ಪದ್ಧತಿ. ಊರಿನ ಗುಡ್ಡದಲ್ಲಿ ಹಾಗೆ ಬಂದ ಒಂದು ಜಾಡಿ ಇದೆ. ಅದರಲ್ಲಿ ಮೂಳೆಯ ಜೊತೆ, ಗುರುತಿಗೆಂದು ಹೆಣದೊಡನೆ ಹೂಳುವ ಇಟ್ಟಿಗೆಯ ಒಂದರ್ಧ. ಇಟ್ಟಿಗೆಯ ಮೇಲೆ ಊರಿನ ಹೆಸರಿದೆ, ಸತ್ತವನ ಹೆಸರು ಬರುವಲ್ಲಿ ಮುರಿದಿದೆ. ಅದು ನಮ್ಮವನೇ ಎಂದು ಲೂಯಿಯವರ ತಂದೆ ಸಾಯುವವರೆಗೆ ಹೇಳಿದರು, ಊರಿನವರು ನಂಬಲಿಲ್ಲ. ಈಗ ರಸ್ತೆಗಾಗಿ ಗುಡ್ಡ ಹೋಗುತ್ತಿದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಒಂಬತ್ತನೇ ದಿನ, ಗುಡ್ಡ ಹತ್ತಿ ಹಿರಿಯರನ್ನು ನೆನೆಯುವ ಹಬ್ಬದಂದು, ಹೆಸರಿದ್ದ ಜಾಡಿಗಳು ಹೊಸ ಜಾಗಕ್ಕೆ, ಹೆಸರಿಲ್ಲದವು ಅನಾಮಿಕರ ಗೋಡೆಗೆ. ಮೂಳೆ ಒಯ್ದವನು ಬರೆದ ಹಳೆಯ ಪತ್ರವೊಂದು ಹೋದ ವರ್ಷ ಸಿಕ್ಕಿತು. ಕಾಲುವೆಯ ಮೇಲೆ ಒಂಬೈನೂರು ಹೆಜ್ಜೆ, ಕವಲು ಮರ, ಗುಂಡಿ ಬರಿದಾಗಿರಬಾರದೆಂದು ಇಟ್ಟಿಗೆಯ ಕೆಳಗಿನರ್ಧವನ್ನು ಅಲ್ಲೇ ಬಿಟ್ಟಿದ್ದೇನೆ ಎಂದು ಅದರಲ್ಲಿತ್ತು.

ಲೂಯಿ ಕೊಳವೆಯ ಕಾಗದ ಬಿಡಿಸಿದರು. ಊರಿನ ಅರ್ಧ ಇಟ್ಟಿಗೆಯ ಮೇಲೆ ಕಾಗದ ಇಟ್ಟು ಇದ್ದಿಲು ತಿಕ್ಕಿ ತೆಗೆದ ಅಚ್ಚು ಅದು. “ನಮ್ಮ ಮನೆತನದ ಹೆಸರು ಲೂಯಿ. ಅಂದರೆ ಗುಡುಗು. ಬರೆಯುವಾಗ ಮೇಲೆ ಮಳೆ, ಕೆಳಗೆ ಗದ್ದೆ. ಇಲ್ಲಿ ಬರೀ ಮಳೆ ಇದೆ, ನೋಡಿ.” ಅಂಕುಡೊಂಕಾದ ಅಂಚಿನ ಮೇಲೆ ನಾಲ್ಕು ಹನಿ ಕಾಣುತ್ತಿತ್ತು. “ನನಗೆ ಗದ್ದೆ ಬೇಕು.”

“ಅಗೆಯೋದು ಬೇಡ. ಮಣ್ಣು ಮುಟ್ಟದೆ ಹುಡುಕೋಣ. ಸಿಕ್ಕರೆ ಅಚ್ಚು ತೆಗೆದು ಅಲ್ಲೇ ಬಿಡೋಣ,” ಎಂದಳು ಶಾಮಲಾ.

ಲೂಯಿ ಕರಣಿಯನ್ನು ಚೀಲದೊಳಗೆ ಹಾಕಿದರು.

ಮೂವರೂ ಹುಡುಕಿದರು. ಜರಿಗಿಡ ಸರಿಸಿದರು, ಬೇರಿನ ಸಂದಿಗೆ ಟಾರ್ಚ್ ಬಿಟ್ಟರು. ಹತ್ತೂವರೆ. ಹನ್ನೊಂದೂಕಾಲು. ಮಳೆ ಹನಿಯತೊಡಗಿತು. ಇಟ್ಟಿಗೆ ಇರಲಿಲ್ಲ. ಲೂಯಿ ಗುಂಡಿಯೊಳಗೇ ಕೂತುಬಿಟ್ಟರು. ಬಾಟಲಿ ಕಳ್ಳರೇ ಒಯ್ದಿರಬೇಕು.

“ಒಂದೊಂದು ಗುಟುಕು ಕಾಫಿ ಕುಡಿದು ಹೊರಡೋಣ,” ಎಂದ ಕೇಶವ. ಹುಡುಕಾಟದ ನಡುವೆಯೇ ಮರದ ಆಚೆ ಪುಟ್ಟ ಗ್ಯಾಸ್ ಒಲೆ ಹೂಡಿ ನೀರಿಟ್ಟಿದ್ದ.

ಶಾಮಲಾ ಪಾತ್ರೆ ತರಲು ಹೋದಳು. ಇಳಿಜಾರಿನಲ್ಲೂ ಒಲೆ ನೆಟ್ಟಗೆ ಕೂತಿತ್ತು. ಒಂದು ಕಾಲಿನಡಿ ಚಪ್ಪಟೆ ಕಲ್ಲು. ಕಲ್ಲಿನ ಬಣ್ಣ ಮಾತ್ರ ಕೆಂಪು.

“ಕೇಶವಾ, ಈ ಕಲ್ಲು ಎಲ್ಲಿ ಸಿಕ್ತು?”

“ಗುಂಡಿ ಅಂಚಲ್ಲಿ ಬಿದ್ದಿತ್ತು, ಪಾಚಿ ಹಿಡ್ಕೊಂಡು. ಒಲೆ ವಾಲ್ತಿತ್ತಲ್ಲ, ಅದಕ್ಕೆ...” ಎಂದವನು ಅಲ್ಲಿಗೇ ನಿಂತ.

ಶಾಮಲಾ ಒಲೆ ಆರಿಸಿ, ಎರಡೂ ಕೈಯಲ್ಲಿ ಅದನ್ನೆತ್ತಿ ಮಗುಚಿದಳು. ಒಂದು ಪಕ್ಕ ಮುರಿದಿತ್ತು. ಮುರಿದ ಕಡೆಯೇ ಒಂದು ಚೌಕ, ಚೌಕದೊಳಗೆ ಬದು ಹಾಕಿ ಹಂಚಿದ ಹಾಗೆ ನಾಲ್ಕು ಮನೆ. ಅದರ ಕೆಳಗೆ ಇನ್ನೂ ಎರಡು ಅಕ್ಷರ.

“ಮಿಸ್ಟರ್ ಲೂಯಿ,” ಎಂದಳು. “ಗದ್ದೆ.”

ಕೇಶವ ಟೆಂಟಿನ ಬಟ್ಟೆ ಹಿಡಿದು ಮಳೆಗೆ ಮರೆಯಾದ. ಇಟ್ಟಿಗೆ ಒರೆಸಿ, ಕಾಗದವಿಟ್ಟು, ಲೂಯಿ ಇದ್ದಿಲು ತಿಕ್ಕಿದರು. ಒಂದು ಗದ್ದೆ, ಎರಡು ಅಕ್ಷರ ಬಿಳಿಯಾಗಿ ಎದ್ದುಬಂದವು. ಹಳೆಯ ಅಚ್ಚಿನ ಕೆಳಗೆ ಹೊಸದನ್ನು ಇಟ್ಟರು. ಅಂಕುಡೊಂಕು ಅಂಚುಗಳು ಕೂದಲೆಳೆ ಬಿಡದಂತೆ ಕೂಡಿಕೊಂಡವು. ಲೂಯಿ ಬರಿದಾದ ಗುಂಡಿ ನೋಡಿದರು, ಜೋರಾಗಿ ನಕ್ಕರು, ನಗುತ್ತಲೇ ಅತ್ತರು.

“ಇಲ್ಲಿಲ್ಲ! ಇಲ್ಲಿಲ್ಲ! ಊರಿಗೆ ಹೋಗಿದಾನೆ!”

ಇಟ್ಟಿಗೆಯನ್ನು ಗುಂಡಿಯ ತಲೆಯ ಕಡೆ, ಅಕ್ಷರ ಕೆಳಗಾಗಿ ಇಟ್ಟು, ಪಾಚಿ ಮುಚ್ಚಿದರು. ಕೇಶವ ಮಟ್ಟಗೋಲು ಇಟ್ಟು ನೋಡಿದ್ದನ್ನು ಕಂಡೂ ಶಾಮಲಾ ಬೈಯಲಿಲ್ಲ.

ವಾಪಸು ಬರುವಾಗ ತೊರೆ ದಿಮ್ಮಿಯ ಹೊಟ್ಟೆ ಮುಟ್ಟಿತ್ತು. ಈ ಸಲ ಲೂಯಿ ಕುದುರೆ ಹತ್ತಿದಂತೆ ದಿಮ್ಮಿಯ ಮೇಲೆ ಕೂತು, ತೆವಳಿ ದಾಟಿದರು. ದಾಟುವ ಮೊದಲು ಕೊಳವೆಯನ್ನು ಎದೆಯಿಂದ ಬಿಚ್ಚಿ ಕೇಶವನ ಕೈಗೆ ಕೊಟ್ಟರು.

“ನೀವೇ ತನ್ನಿ,” ಎಂದರು.

ಸಂಜೆ ಏಳಕ್ಕೆ ಮೂವರೂ ಕೆಸರು ಮೆತ್ತಿದ ಬಟ್ಟೆಯಲ್ಲೇ ಕ್ರಾಸ್‌ರೋಡ್ಸ್ ಮನೆಯ ಬಾಗಿಲಲ್ಲಿ ನಿಂತರು. ಅಂದು ಮಹಾಲಯ ಅಮಾವಾಸ್ಯೆ, ಮನೆಯಲ್ಲಿ ಹಿರಿಯರ ಹಬ್ಬ. ಧೂಪಕ್ಕೆ ಹೊಗೆಯ ಅಲಾರಂ ಕಿರುಚಿಕೊಂಡು ಸುಮ್ಮನಾಗಿತ್ತು. ಗೋಡೆಯ ಬದಿಗೆ ಎಡೆಯ ಎಲೆಗಳ ಮೇಲೆ ಕಡುಬು, ಕಾಳಿನ ಹುಳಿ, ವಡೆ. ಎಲ್ಲಕ್ಕಿಂತ ಕೊನೆಯ ಎಲೆಗೆ ಇನ್ನೂ ಏನೂ ಬಡಿಸಿರಲಿಲ್ಲ.

“ಸಿಕ್ತಾ?” ಕೇಳಿದರು ಸುಮಿತ್ರಮ್ಮ.

“ಸಿಕ್ತು ಅತ್ತೆ. ಗುಂಡಿ ಖಾಲಿ ಇತ್ತು.”

ಅವರು ಕೈ ಮುಗಿದರು. ಆಮೇಲೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. “ಆಸ್ತಿಯಂತೆ, ಆಸ್ತಿ! ಪಕ್ಸದ ತಿಂಗ್ಳಲ್ಲಿ ಯಾರಾದ್ರೂ ಆಸ್ತಿ ವಿಚಾರ ಎತ್ತುತಾರಾ? ಹೋಗಿ ಕೈಕಾಲು ತೊಳ್ಕಳಿ.”

ಕೊನೆಯ ಎಲೆಯ ಮುಂದೆ ಕೂತು ಅವರು ಲೂಯಿಯವರನ್ನು ಹತ್ತಿರ ಕರೆದರು. ಎಡೆ ಇಡುವಾಗ ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಬರುವವರಿಗೆ ತಮ್ಮ ಎಲೆ ಯಾವುದೆಂದು ತಿಳಿಯದು. ಶಾಮಲಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಲೂಯಿ ಅಚ್ಚಿನ ಕಾಗದ ಬಿಡಿಸಿ, ಮಳೆಯಿಂದ ಗದ್ದೆಗೆ, ಗದ್ದೆಯಿಂದ ಕೆಳಗಿನ ಎರಡು ಅಕ್ಷರಕ್ಕೆ ಬೆರಳು ಜಾರಿಸಿದರು. “ಲೂಯಿ ಯೀ ಸಿಂಗ್.”

ಸುಮಿತ್ರಮ್ಮ ಎಲೆಗೆ ಮೊದಲ ಕಡುಬು ಇಟ್ಟು, ಮನೆಯವರನ್ನು ಕರೆಯುವ ದನಿಯಲ್ಲೇ ಕರೆದರು. “ಲೂಯಿ ಸಿಂಗಪ್ಪಾ, ದೂರದಿಂದ ಬಂದಿದೀಯ. ಬಾಪ್ಪ, ಉಣ್ಣು.”

ಲೂಯಿ ತಿದ್ದಲು ಹೋಗಲಿಲ್ಲ. ಎಲೆಯ ಮುಂದೆ ಮಂಡಿಯೂರಿ ಮೂರು ಸಲ ತಲೆಬಾಗಿದರು.